ಹಿಂದಿನ ಕೋಣೆಗೆ ಹೀಟ್ ಪಂಪ್

ಹಳೇ ಗೀಸರ್ ಕೈಕೊಟ್ಟ ದಿನದಿಂದ ಊಟ ಬಿಟ್ಟರೂ ಬಿಟ್ಟಾನು ತಮ್ಮ, ಹೀಟ್ ಪಂಪಿನ ಮಾತು ಬಿಡಲೊಲ್ಲ. ಅದು ಸುತ್ತಲಿನ ಗಾಳಿಯ ಬಿಸಿಯನ್ನು ಹೀರಿ ನೀರಿಗೆ ಕೊಡುತ್ತದೆ, ಕರೆಂಟು ಅರ್ಧವೂ ಬೇಡ ಎಂದು ಪಾಠ ಹೇಳಿ ಮನೆಯವರ ತಲೆ ತಿಂದಿದ್ದ. ಯಾರ ಸುತ್ತಲಿನ ಗಾಳಿ ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ಅಕ್ಕ ಕೇಳಿದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಬಿಸಿನೀರಿನ ಜೊತೆಗೇ ಆಯುಷ್ಯ ಸವೆಸಿ ನಿವೃತ್ತಳಾದವಳು. ಗಂಡನಿಲ್ಲ, ಮಕ್ಕಳಿಲ್ಲ. ಬಾಗಿಲು ಹಾಕಿಕೊಂಡು ತನ್ನ ಪಾಡಿಗೆ ತಾನು ಕೂರಲು ಅವಳಿಗಿದ್ದದ್ದು ತಮ್ಮನ ಮನೆಯ ಹಿಂದಿನ ಕೋಣೆಯೊಂದೇ.

ಹೀಟ್ ಪಂಪ್ ಮಾರುವ ಅಂಗಡಿಯವನು ಊಟದ ಮೇಜಿನ ಮೇಲೆ ಎರಡು ಮಾದರಿಯ ಕಾರ್ಡು ಹರಡಿದ್ದ. ಒಂದರಲ್ಲಿ ಟ್ಯಾಂಕು, ಯಂತ್ರ ಎರಡೂ ಒಂದೇ ಮೈಯಾಗಿ ಮನೆಯೊಳಗೇ ನಿಲ್ಲುತ್ತವೆ. ಇನ್ನೊಂದರಲ್ಲಿ ಟ್ಯಾಂಕು ಸ್ನಾನದ ಮನೆಯಲ್ಲಿ, ಯಂತ್ರ ಹೊರಗಿನ ಗೋಡೆಯ ಮೇಲೆ.

"ಒಳಗಿಡೋದಕ್ಕೆ ಸ್ಟೋರ್ ರೂಮ್ ಸಾಲಲ್ಲ, ಗಾಳಿ ಬೇಕು," ಎಂದ ಅಂಗಡಿಯವನು. "ಹಿಂದಿನ ರೂಮಾದ್ರೆ ಸರಿಹೋಗುತ್ತೆ. ರೂಮ್ ತಣ್ಣಗಾಗುತ್ತೆ, ಅಷ್ಟೇ."

"ಎಷ್ಟು ತಣ್ಣಗೆ?" ಎಂದಳು ಅಕ್ಕ.

"ಮಲಗೋಕೆ ಕಷ್ಟ ಅಮ್ಮ."

"ಅತ್ತಿಗೆ ಹಾಲ್‌ನಲ್ಲಿ ಮಲಗಿದ್ರಾಯ್ತು. ಟೀವಿನೂ ಅಲ್ಲೇ ಇದೆ," ಎಂದಳು ತಮ್ಮನ ಹೆಂಡತಿ. ಟೀವಿ ಕಂಡರೆ ಅತ್ತಿಗೆಗೆ ಆಗದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಹೊರಗಿಂದೇ ಹಾಕ್ಸು," ಎಂದಳು ಅಕ್ಕ.

"ಅದು ಗುಂಯ್ ಅಂತ ಸದ್ದು ಮಾಡುತ್ತೆ ಅಕ್ಕ. ನಮ್ಮ ಬೆಡ್‌ರೂಮ್ ಹತ್ರ ಆಗಲ್ಲ."

"ನನ್ನ ಕಿಟಕಿ ಹತ್ರ ಹಾಕ್ಸು. ಲಾಂಡ್ರಿ ಮೆಷಿನ್‌ಗಳ ಮಧ್ಯೆ ನಿಂತ್ಕೊಂಡೇ ನಿದ್ದೆ ಮಾಡಿದವಳು ನಾನು."

ಅದು ಹಸಿ ಸುಳ್ಳು. ಹಲ್ಲಿ ಲೊಚಗುಟ್ಟಿದರೂ ಎಚ್ಚರವಾಗುವ ಜೀವ ಅದು. ಆದರೆ ಕೋಣೆ ಉಳಿಯುವುದಾದರೆ ಎಂಥ ಗದ್ದಲವನ್ನೂ ತಲೆಯ ಪಕ್ಕ ಇಟ್ಟುಕೊಳ್ಳಲು ಅವಳು ತಯಾರಿದ್ದಳು.

ತಮ್ಮ ಪೆನ್ಸಿಲ್ ಕಚ್ಚುತ್ತ ಎರಡೂ ಕಾರ್ಡನ್ನು ಪಕ್ಕಪಕ್ಕ ಇಟ್ಟು ನೋಡಿದ. ಅವನು ಯಾವುದನ್ನೂ ಯೋಚಿಸದೆ ಮಾಡುವವನಲ್ಲ.

"ಹೊರಗಿಂದು ಚಳಿಗಾಲದಲ್ಲಿ ಕರೆಂಟ್ ಜಾಸ್ತಿ ತಿನ್ನುತ್ತೆ. ಮೆಷಿನ್ ಬಾಳೋದು ಹದಿನೈದು ವರ್ಷ. ಒಂದು ರೂಮ್ ಉಳಿಸೋಕೆ ಅಷ್ಟೂ ವರ್ಷ ಕರೆಂಟ್ ಸುಡೋದಾ? ರೂಮೇನು ಅಷ್ಟು ವರ್ಷ ಬೇಕಾಗಲ್ಲವಲ್ಲ ಅಕ್ಕ."

ಏನು ಹೇಳಿದೆನೆಂದು ತಮ್ಮನಿಗೆ ಹೊಳೆಯಲೂ ಇಲ್ಲ. ಕೆಟ್ಟವನಲ್ಲ ಅವನು. ಕೆಟ್ಟವನಾಗಿದ್ದರೆ ಎರಡು ಬೈದು ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಅಕ್ಕನ ಸಾವನ್ನೂ ಕರೆಂಟಿನ ಜೊತೆಗೇ ತೂಗಿ ನೋಡಿದ್ದ, ಅಷ್ಟೇ.

"ಗ್ಯಾರಂಟಿ ಎಷ್ಟು ವರ್ಷದ್ದಪ್ಪ?" ಎಂದು ಅಕ್ಕ ಅಂಗಡಿಯವನನ್ನು ಕೇಳಿದಳು.

"ಐದು ಅಮ್ಮ."

"ಹಾಗಾದ್ರೆ ನಾನೂ ಐದೇ ವರ್ಷ ಇರ್ತೀನಿ. ಅದಕ್ಕಿಂತ ಜಾಸ್ತಿ ಇದ್ದು ಯಾರಿಗೂ ತಾಪತ್ರಯ ಕೊಡಲ್ಲ."

ಅಂಗಡಿಯವನು ತಲೆ ತಗ್ಗಿಸಿದ. ತಮ್ಮನ ಹೆಂಡತಿ ಎದ್ದು ಅಡುಗೆಮನೆಗೆ ಹೋದಳು. ತಮ್ಮ ಮಾತ್ರ ಕಾರ್ಡನ್ನು ಕಣ್ಣಿಗೆ ಹತ್ತಿರ ಹಿಡಿದು, ಸಣ್ಣ ಅಕ್ಷರಗಳ ಮೇಲೆ ಬೆರಳಾಡಿಸಿದ.

"ಐದಲ್ಲ ಅಕ್ಕ," ಎಂದ. "ಒಳಗಿಡೋದಕ್ಕೆ ಆರು ಕೊಡ್ತಾರೆ."