ಬೋರ್ಡಿನ ಮೇಲಿನ ತಲೆ

ಕೂದಲಿನ ಕ್ಲಿನಿಕ್ ಒಂದರಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದನಂತೆ. ಬಂದವರ ತಲೆಯನ್ನು ಚಿಕಿತ್ಸೆಗೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಚಿತ್ರ ತೆಗೆಯುವುದು ಹತ್ತು ವರ್ಷದಿಂದ ಅವನ ಕೆಲಸ. ಮೊದಲಿನದಕ್ಕೆ ದೀಪವನ್ನು ನೆತ್ತಿಯ ನೇರಕ್ಕೆ ತಂದು, ಕೂದಲನ್ನು ಒದ್ದೆ ಮಾಡಿ ಅಂಟಿಸುವನು; ಬುರುಡೆ ಬೆಳ್ಳಿ ತಟ್ಟೆಯಂತೆ ಹೊಳೆಯುವುದು. ಆಮೇಲಿನದಕ್ಕೆ ದೀಪವನ್ನು ಗೋಡೆಗೆ ತಿರುಗಿಸಿ, ಒಣಗಿದ ಕೂದಲನ್ನು ಮೇಲಕ್ಕೆ ಬಾಚುವನು. ಕಾಡೇ ಎದ್ದು ನಿಲ್ಲುವುದು. ಕೆಲವರಿಗೆ ನಿಜವಾಗಿಯೂ ಕೂದಲು ಬಂದದ್ದುಂಟು. ಬಾರದವರಿಗೂ ದೀಪ ಅನ್ಯಾಯ ಮಾಡುತ್ತಿರಲಿಲ್ಲ. ಅಲ್ಲಿನವರು ಅವನನ್ನು ಲೈಟಣ್ಣ ಎಂದೇ ಕರೆಯುತ್ತಿದ್ದರು.

ಇಂಥ ಲೈಟಣ್ಣನ ನೆತ್ತಿಯೇ ತೆಳ್ಳಗಾಗತೊಡಗಿತು. ನಲವತ್ತಕ್ಕೇ ಅಪ್ಪನ ತಲೆ ತನಗೆ ಬಂತಲ್ಲ ಎಂಬ ಸಂಕಟಕ್ಕೆ ಬಾಚಣಿಗೆ ಕಂಡರೂ ಬೆಚ್ಚುತ್ತಿದ್ದ.

"ಕತ್ತಿ ಇಲ್ಲ, ಹೊಲಿಗೆ ಇಲ್ಲ, ನಿನ್ನ ರಕ್ತಾನೇ ನಿನ್ನ ತಲೆಗೆ," ಎಂದರು ಕ್ಲಿನಿಕ್ಕಿನ ಡಾಕ್ಟರಮ್ಮ. "ಕೂದಲು ಬಂತು ಅಂದ್ರೆ ಬಾಗಿಲ ಬೋರ್ಡ್ ಮೇಲೆ ನಿನ್ನದೇ ಫೋಟೋ, ಲೈಟಣ್ಣ!"

ತೋಳಿನಿಂದ ರಕ್ತ ತೆಗೆದರು. ಯಂತ್ರದಲ್ಲಿ ಗಿರಗಿರನೆ ತಿರುಗಿಸಿದರು. ಬೇರ್ಪಟ್ಟ ಹಳದಿ ನೀರನ್ನು ನೆತ್ತಿಯ ತುಂಬ ಚುಚ್ಚಿದರು. ನಾಲ್ಕು ಸಲ ಎನ್ನುವವರಿದ್ದಾರೆ, ಆರು ಎನ್ನುವವರೂ ಇದ್ದಾರೆ; ಪ್ರತಿ ಸಲವೂ ಅವನು ಹಲ್ಲು ಕಚ್ಚಿದನೆಂಬಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ.

ತನ್ನ ಚಿತ್ರದಲ್ಲಾದರೂ ಮೋಸ ಸೇರಬಾರದೆಂದು ಸ್ಟೂಲು ಎರಡು ಸಲವೂ ಒಂದೇ ಜಾಗದಲ್ಲಿರಲಿ ಎಂದು ನೆಲದ ಮೇಲೆ ಟೇಪ್ ಅಂಟಿಸಿದ್ದ. ಕ್ಯಾಮೆರಾಕ್ಕೆ ಟೈಮರ್ ಇಟ್ಟು ತಾನೇ ತೆಗೆದುಕೊಂಡ ಕೊನೆಯ ಚಿತ್ರದ ಒಂದು ಪ್ರತಿಯನ್ನು ಡಾಕ್ಟರಮ್ಮನಿಗೆ ಕೊಟ್ಟು, ಇನ್ನೊಂದನ್ನು ಮನೆಗೆ ಒಯ್ದ.

ತಿಂಗಳಿಗೊಮ್ಮೆ ಅವನ ಕೂದಲು ಕತ್ತರಿಸುವವಳು ಹೆಂಡತಿಯೇ. ಅವಳು ಚಿತ್ರವನ್ನೊಮ್ಮೆ, ತಲೆಯನ್ನೊಮ್ಮೆ ನೋಡಿದಳು.

"ಚೆನ್ನಾಗಿದಾರೆ ರೀ. ಯಾರಿದು?"

"ನಾನೇ ಕಣೇ!"

"ಹಾಗಾದ್ರೆ ಕೂದಲನ್ನ ಅಲ್ಲೇ ಮರೆತು ಬಂದ್ರಾ? ದೀಪ ಎಲ್ಲಿಟ್ಟಿದ್ರಿ?"

ಲೈಟಣ್ಣ ಚಿತ್ರವನ್ನು ಕಿತ್ತುಕೊಂಡು ನೋಡಿದ. ಹತ್ತು ವರ್ಷ ಪಳಗಿದ ಕೈ, ತಲೆ ಯಾರದೆಂದು ನೋಡದೆ ದೀಪವನ್ನು ಗೋಡೆಗೆ ತಿರುಗಿಸಿಬಿಟ್ಟಿತ್ತು. ಮರುದಿನ ದೀಪವನ್ನು ನೆತ್ತಿಗೆ ತಂದು ಮತ್ತೆ ತೆಗೆದ. ಬೆಳ್ಳಿ ತಟ್ಟೆ ಇದ್ದಲ್ಲೇ ಇತ್ತು. ಕೊಂಚ ಅಗಲವೂ ಆಗಿತ್ತು.

"ಹಳೇದು ಬೋರ್ಡಿಗೆ ಹೋಗಾಯ್ತು," ಎಂದರು ಡಾಕ್ಟರಮ್ಮ, ಹೊಸ ಚಿತ್ರವನ್ನು ನೋಡಿ. "ನೀನು ಇನ್ಮೇಲೆ ಟೋಪಿ ಹಾಕ್ಕೊಂಡು ಹಿಂದಿನ ಬಾಗಿಲಿಂದ ಬಾ. ಜನಕ್ಕೆ ಸುಮ್ನೆ ಗೊಂದಲ ಬೇಡ."

ಆ ಮಧ್ಯಾಹ್ನ ಬಸ್ ಡ್ರೈವರೊಬ್ಬ ಮೊದಲ ಚಿತ್ರಕ್ಕೆ ಬಂದು ಸ್ಟೂಲಿನ ಮೇಲೆ ಕುಳಿತ.

"ಅಣ್ಣಾ, ಬೋರ್ಡ್ ಮೇಲಿರೋರು ನಿಮ್ಮ ತಮ್ಮನಾ?"

"ಹ್ಞೂಂ."

"ನನಗೂ ಹಾಗೆ ಬರುತ್ತಾ? ನಾನು ಮನೆಗೆ ಹೋದ್ರೆ ಸಾಕು, ಮಗಳು 'ಚಂದಮಾಮ ಬಂದ' ಅಂತಾಳೆ."

ಲೈಟಣ್ಣನ ಕೈ ದೀಪವನ್ನು ಅವನ ನೆತ್ತಿಗೆ ತಂದಿತು. ತಂದದ್ದು ಅಲ್ಲೇ ನಿಂತಿತು. ಆಮೇಲೆ ಅವನು ಬೇಕೆಂದೇ ದೀಪವನ್ನು ಗೋಡೆಗೆ ತಿರುಗಿಸಿ, ಡ್ರೈವರನ ಒಣ ಕೂದಲನ್ನು ಮೇಲಕ್ಕೆ ಬಾಚಿ, ಚಿತ್ರ ತೆಗೆದು, ಪ್ರಿಂಟ್ ಹಾಕಿ ಕೈಗಿತ್ತ.

"ಅರೆ! ಇನ್ನೂ ಸೂಜಿನೇ ಚುಚ್ಚಿಲ್ಲವಲ್ಲ!"

"ನನ್ನ ತಮ್ಮನಿಗೂ ಬಂದಿದ್ದು ಹೀಗೇ," ಎಂದು ಲೈಟಣ್ಣ ಟೋಪಿ ತೆಗೆದು ತಲೆ ಬಗ್ಗಿಸಿದ. "ನೋಡ್ಕೊಳ್ಳಿ, ತಮ್ಮ ಇವನೇ."

ಡ್ರೈವರ್ ಬಿದ್ದು ಬಿದ್ದು ನಕ್ಕು, ಮಗಳಿಗೆ ತೋರಿಸಲು ಚಿತ್ರವನ್ನು ಜೇಬಿಗಿಳಿಸಿ ಹೊರಟ. ಆ ಕ್ಲಿನಿಕ್ಕಿನಲ್ಲಿ ಒಂದೇ ಭೇಟಿಗೆ ಪೂರ್ತಿ ಗುಣವಾದವನು ಅವನೊಬ್ಬನೇ ಎನ್ನುತ್ತಾರೆ. ವಿಷಯ ಕಿವಿಗೆ ಬಿದ್ದ ಡಾಕ್ಟರಮ್ಮ ಲೈಟಣ್ಣನನ್ನು ಅಂದೇ ಕೆಲಸ ಬಿಡಿಸಿ ಮನೆಗೆ ಕಳಿಸಿದರು. ಟೋಪಿಯನ್ನು ದೀಪಕ್ಕೆ ತೊಡಿಸಿ, ಅವನು ಮುಂಬಾಗಿಲಿನಿಂದಲೇ ಹೊರಬಿದ್ದ.

ಬೋರ್ಡಿನ ಮೇಲಿನ ತಲೆ ಮಾತ್ರ ಇಂದಿಗೂ ದಟ್ಟವಾಗಿಯೇ ಇದೆಯಂತೆ.