ಆ ಕಡೆಯ ತುದಿ

ಬೆಡ್‌ಶೀಟು ಗಿಡ್ಡ, ಅಪ್ಪನ ಎರಡೂ ಹೆಬ್ಬೆರಳು ಹೊರಗೇ ಉಳಿದಿವೆ, ಕೆಳಗೆ ಎಳೆದರೆ ಮುಖ ತೆರೆದುಕೊಳ್ಳುತ್ತದೆ — ಸತ್ತ ಮೇಲೂ ಫ್ರೇಮಿಗೆ ಪೂರ್ತಿ ಹಿಡಿಸದ ಹೀರೋ ಕಣಪ್ಪ ನೀನು, ಥೂ, ಇದು ಡೈಲಾಗ್ ಹೊಡೆಯೋ ಹೊತ್ತಾ, ಬಾಯಿ ಮುಚ್ಚಿದರೂ ತಲೆಯೊಳಗಿನ ಥಿಯೇಟರ್ ಮುಚ್ಚುವುದಿಲ್ಲ — ಹೊರಗೆ ವ್ಯಾನಿನವನು ಹಾರ್ನ್ ಹೊಡೆದ, ಅಕ್ಕ ಅವನಿಗೆ ಹತ್ತೇ ನಿಮಿಷ ಅಣ್ಣಾ ಅನ್ನುತ್ತಿದ್ದಾಳೆ, ಆ ಹತ್ತು ನಿಮಿಷದಲ್ಲಿ ನಾನು ತೀರ್ಮಾನ ಮಾಡಬೇಕು, ಬಾವುಟ ಹೊದಿಸುವುದೋ ಬೇಡವೋ. ಮೂವತ್ತೊಂದು ವರ್ಷ ಆಫೀಸಿನ ಕಂಬಕ್ಕೆ ಅದನ್ನು ಬೆಳಿಗ್ಗೆ ಏರಿಸಿ ಸಂಜೆ ಇಳಿಸಿದ ಅಟೆಂಡರ್ ಅಪ್ಪ, ಅಂಗೈ ತುಂಬಾ ಹಗ್ಗದ ಗೆರೆ, ಫೋನಿನಲ್ಲಿ ಸಾಹೇಬರು ಏನಂದರು, ಬೇಜಾರು ಮಾಡ್ಕೋಬೇಡಪ್ಪ, ಶವಕ್ಕೆ ಹೊದಿಸೋಕೆ ಮೇಲಿನ ಆರ್ಡರ್ ಬೇಕು, ಅಟೆಂಡರ್‌ಗೆಲ್ಲ ಬರಲ್ಲ, ರೂಲ್ಸು. ಸರಿ ಸಾರ್, ರಸ್ತೆ ತಿರುವಿನ ಟೈರ್ ಅಂಗಡಿಯವನು ಬಾವುಟದ ಮೇಲೆಯೇ ಅರ್ಧ ಬೆಲೆ ಅಂತ ಬರೆಸಿ ನೇತುಹಾಕಿದ್ದಾನಲ್ಲ, ಅವನಿಗೆ ಯಾವ ಆರ್ಡರ್ ಬಂದಿತ್ತು — ಕೇಳಲಿಲ್ಲ, ನನ್ನನ್ನೂ ಯಾರೂ ಕೇಳಿರಲಿಲ್ಲ, ಇಂಡಿಯಾ ಮ್ಯಾಚ್ ಗೆದ್ದ ದಿನ ಬಾವುಟ ಕುತ್ತಿಗೆಗೆ ಕಟ್ಟಿಕೊಂಡು ಬೈಕ್ ಮೇಲೆ ಎದ್ದು ನಿಂತು ಊರು ಸುತ್ತಿದೆ, ಅದರಲ್ಲೇ ಬೆವರು ಒರೆಸಿಕೊಂಡೆ, ಮೂಗೂ, ಬಾಗಿಲಲ್ಲಿ ಅಪ್ಪ, ಹೊಡೀತಾನೆ ಅಂದುಕೊಂಡು ಎದೆ ತಟ್ಟಿ ಬಿಟ್ಟೆ ಒಂದು ಡೈಲಾಗ್, ಬಟ್ಟೆ ಹರಿದ್ರೆ ಹೊಲೀಬಹುದು ಅಪ್ಪಾ, ದೇಶ ಇರೋದು ಇಲ್ಲಿ, ಇಲ್ಲಿ! ಅಪ್ಪ ಹೊಡೆಯಲಿಲ್ಲ, ಒಗೆದ, ಒಣಗಿಸಿದ, ಎದೆ ಆಮೇಲೆ ತೋರ್ಸು ಮಗನೇ, ಈಗ ಬಗ್ಗಿ ಆ ಕಡೆ ಹಿಡ್ಕೋ, ನೆಲಕ್ಕೆ ತಾಗ್ಬಾರ್ದು ಅಂದ. ಒಬ್ಬರ ಕೈಯಲ್ಲಿ ಮಡಚಲಾಗದ ಬಟ್ಟೆ ಅದು, ಅವನು ಒಂದು ತುದಿ, ನಾನು ಇನ್ನೊಂದು, ಮಡಿಕೆ ಮಡಿಕೆಗೂ ಹತ್ತಿರ ಬರುತ್ತಾ ಬರುತ್ತಾ ಕೊನೆಗೆ ಅವನ ಉಸಿರು ನನ್ನ ಹಣೆಗೆ —

ಬೀರುವಿನ ಕೆಳಗಿನ ಖಾನೆಯಲ್ಲಿದೆ, ಕಂಬದ ಮೇಲೆ ಬಿಸಿಲಿಗೆ ಬಣ್ಣ ಹೋದ ಹಳೆಯ ಬಾವುಟ, ಯಾರೂ ಕಾಣದ ಕಡೆ ಮರ್ಯಾದೆಯಿಂದ ಸುಟ್ಟುಬಿಡು ಅಂತ ಆಫೀಸಿನವರು ಅಪ್ಪನ ಕೈಗೆ ಕೊಟ್ಟದ್ದು, ಬೆಂಕಿಪೊಟ್ಟಣ ಹಿಡಿದು ಹಿತ್ತಲಲ್ಲಿ ತುಂಬಾ ಹೊತ್ತು ನಿಂತ, ವಾಪಸ್ ತಂದಿಟ್ಟ, ಅಪ್ಪ ಮುರಿದ ಒಂದೇ ಒಂದು ರೂಲ್ಸು. ನೀನು ಮುರಿದ್ರೆ ಪ್ರೀತಿ, ನಾನು ಮುರಿದ್ರೆ ತರಲೆಯಾ — ಅಕ್ಕ ಕಿಟಕಿಯಿಂದ, ಏನೋ ನೋಡ್ತಾ ನಿಂತಿದೀಯ, ಹೊದಿಸು, ಯಾವನು ಬಂದು ಕೇಳ್ತಾನೋ ನೋಡೇಬಿಡೋಣ — ಯಾರೂ ಕೇಳಲ್ಲ ಅಕ್ಕ, ಅಪ್ಪನೇ ಕೇಳ್ತಾನೆ. ತೆಗೆದೆ, ಬಿಡಿಸಿದೆ, ಎರಡು ಮೂಲೆ ಹಿಡಿದು ಕೈ ಮೇಲೆತ್ತಿದೆ, ಉಳಿದದ್ದು ಅಪ್ಪನ ಹೆಬ್ಬೆರಳು ದಾಟಿ ಜಾರುತ್ತಿದೆ, ಜಾರುತ್ತಿದೆ — ಬೇಡ, ಸಾಹೇಬರ ರೂಲ್ಸಿಗಲ್ಲ, ಕೊನೇ ದಿನ ನಿನ್ನ ಹೆಸರಿಗೆ ತಪ್ಪು ಬೇಡ, ಮಡಚಿ ಅಲ್ಲೇ ಇಡ್ತೀನಿ, ಮಡಚೋದು ಹೇಗೆ, ಒಬ್ಬನೇ, ಹಾರ್ನ್, ಮತ್ತೆ ಹಾರ್ನ್, ಅಪ್ಪಾ, ಆ ಕಡೆ ಹಿಡ್ಕೋ, ಆ ಕಡೆ — ನೆಲದಿಂದ ಒಂದು ಬೆರಳು ಮೇಲೆ, ತೂಗುತ್ತಾ, ಆ ತುದಿ