ನೇರಳೆ ಚಷ್ಮಾ

ಶವದ ಮೂಗಿನ ಮೇಲೆ ಗ್ಯಾನಪ್ಪ ನೇರಳೆ ಗಾಜಿನ ಕನ್ನಡಕ ಕೂರಿಸುತ್ತಿದ್ದಂತೆ ಕಸ್ತೂರೆಮ್ಮ ಎದ್ದು ನಿಂತಳು.

“ಅದನ್ನ ತೆಗೀರಿ, ಭಾವಾ.”

“ಯಾಕವಾ? ತಮ್ಮ ದಿನಾ ಇದನ್ನ ಹಾಕ್ಕೊಂಡಿರ್ತಿದ್ದ. ಹೋಗೋ ದಾರಿ ಕಾಣ್ಲಿ.”

ಗಂಗಾವತಿಯ ಆ ಓಣಿಯವರಿಗೆ ಯಮನೂರಪ್ಪನೆಂದರೆ ಆ ಕನ್ನಡಕವೇ. ಪಡಸಾಲೆಯಲ್ಲೇ ಗ್ಯಾಸಿನ ಉರಿ ಹಚ್ಚಿಕೊಂಡು, ಕಾಲೇಜಿನ ಪ್ರಯೋಗಶಾಲೆಗಳಿಗೆ ಗಾಜಿನ ನಳಿಗೆ ಬೆಸೆದು ಕೊಡುತ್ತ ಜೀವ ತೇಯ್ದ ಮನುಷ್ಯ. ಆ ಕನ್ನಡಕವೂ ಗಂಡನ ಜತೆ ಮಣ್ಣಿಗೆ ಹೋದರೆ ಕಸ್ತೂರೆಮ್ಮನಿಗೆ ಉಳಿಯುವುದಾದರೂ ಏನು?

“ಸತ್ತೋರ ಸಾಮಾನು ಇಟ್ಕೋಬಾರ್ದು, ವೈನೀ,” ಎಂದಳು ನಾದಿನಿ ಹುಲಿಗವ್ವ.

*

ಮದುವೆಯಾದ ಹೊಸತು. ಗಾಜು ಕಾದಂತೆ ಉರಿಯೆಲ್ಲ ಹಳದಿಯಾಗಿ ಕಣ್ಣು ಕುಕ್ಕಿತು. ಅವನು ನಕ್ಕು ತನ್ನ ಕನ್ನಡಕವನ್ನು ಅವಳಿಗೆ ತೊಡಿಸಿದ. ಹಳದಿ ಮಾಯ! ಒಳಗೆ ಕೆಂಪಗಾದ ಗಾಜು ಬೆಲ್ಲದ ಪಾಕದಂತೆ ಬಾಗುತ್ತಿತ್ತು.

“ಬೆಂಕಿ ಎಲ್ಲಿ ಹೋತ್ರೀ?”

“ಅಲ್ಲೇ ಐತಿ, ಮುಟ್ಟಿಗಿಟ್ಟೀಯ! ಈ ಗಾಜಿನ್ಯಾಗ ಡಿಡಿಮಿಯಂ ಬೆರೆಸ್ಯಾರ. ಹಳದಿ ಬೆಳಕನ್ನ ಅದು ನುಂಗತೈತಿ. ಎರಡು ಅಪರೂಪದ ಧಾತುಗಳ ಬೆರಕಿ.”

“ಎರಡಾ?”

“ಗಂಡ ಹೆಂಡ್ತಿ ಇದ್ದಂಗ. ಭಾಳ ದಿನ ಒಂದೇ ಅಂತ ತಿಳಿದಿದ್ರಂತ. ಬ್ಯಾರೆ ಮಾಡೋದು ಕಷ್ಟ.”

ಅಂದೇ ರೊಟ್ಟಿ ಬಡಿಯುವಾಗ ಅವಳ ಹಸಿರು ಬಳೆ ಒಡೆಯಿತು. ಅವನು ಅದನ್ನೂ ಬೆಸೆದ. ಬೆಸುಗೆಯಲ್ಲೊಂದು ಒರಟು ಗಂಟು ಉಳಿಯಿತು. ಆ ಬಳೆಯನ್ನು ಅವಳು ಮತ್ತೆ ಕೈಯಿಂದ ತೆಗೆಯಲಿಲ್ಲ.

*

“ಅದು ದಾರಿ ನೋಡೋ ಚಷ್ಮಾ ಅಲ್ರೀ,” ಎಂದಳು ಕಸ್ತೂರೆಮ್ಮ. “ಅದಕ್ಕ ನಂಬರ್ ಇಲ್ಲ. ಅವ್ರಿಗೆ ದೂರದ್ದು ಕಾಣ್ತಿದ್ದಿಲ್ಲ. ಗೂಡಿನ್ಯಾಗ ಇನ್ನೊಂದೈತಿ ನೋಡ್ರಿ, ಅದನ್ನ ಹಾಕ್ರಿ. ಇಲ್ಲಂದ್ರ ದಾರ್ಯಾಗ ಎಡವಿ ಬೀಳ್ತಾರ.”

ಅಳುತ್ತಿದ್ದವರ ನಡುವೆ ಯಾರೋ ಕಿಸಕ್ಕನೆ ನಕ್ಕರು. ಗ್ಯಾನಪ್ಪ ಗೂಡಿಗೆ ಕೈ ಹಾಕಿ ಕನ್ನಡಕ ಬದಲಿಸಿದ. ನೇರಳೆಯದನ್ನು ಅವಳ ಕೈಗಿತ್ತ.

ಆದರೆ ಬಳೆ ಉಳಿಯಲಿಲ್ಲ. ಹುಲಿಗವ್ವ ಅತ್ತಿಗೆಯ ಕೈ ಹಿಡಿದು, ತಾನೂ ಅಳುತ್ತ, ಹಸಿರು ಬಳೆಗಳನ್ನೆಲ್ಲ ಒಡೆದಳು. ಗಂಟಿನ ಬಳೆ ಎರಡು ತುಂಡಾಯಿತು. ಗಂಟು ಮಾತ್ರ ಹಾಗೇ ಇತ್ತು. ಕಸ್ತೂರೆಮ್ಮ ಆ ತುಂಡುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

ಮಣ್ಣು ಮಾಡಿ ಬಂದವರು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದರು. ಪಡಸಾಲೆಯಲ್ಲಿ ಗ್ಯಾಸಿನ ಉರಿ ಸುಯ್ಯೆಂದಿತು. ದಿನಾ ಕೇಳಿದ ಸದ್ದೇ. ಗ್ಯಾನಪ್ಪನ ಕೈಯಲ್ಲಿದ್ದ ತಂಬಿಗೆ ಅಲ್ಲೇ ನಿಂತಿತು.

ಒಳಗೆ ಕಸ್ತೂರೆಮ್ಮ ಕನ್ನಡಕ ತೊಟ್ಟು, ಇಕ್ಕಳದಿಂದ ಬಳೆಯ ತುಂಡುಗಳನ್ನು ಉರಿಗೆ ಹಿಡಿದಿದ್ದಳು. ಗೋಡೆಯ ಮೇಲೆಲ್ಲ ಹಳದಿ ಬೆಳಕು ಕುಣಿಯುತ್ತಿತ್ತು. ಅವಳಿಗೆ ಅದು ಕಾಣುತ್ತಿರಲಿಲ್ಲ. ಅವಳಿಗೆ ಕಂಡದ್ದು ಕೆಂಪಗೆ ಮೆತ್ತಗಾಗಿ ಒಂದರ ಕಡೆಗೊಂದು ಬಾಗುತ್ತಿದ್ದ ಎರಡು ತುದಿಗಳು.